ಬಿಳಿಚುಕ್ಕೆ ಕಂಡಾಗ ಜಂತ್ರಡಿ ತೆಗೆಯಬೇಡಿ

ಕುಮಟಾ ತಾಲ್ಲೂಕಿನ ಅಘನಾಶಿನಿ ಹೊಳೆದಂಡೆಯ ಗಜನಿಗಳಿಂದ (ಉಪ್ಪುನೀರಿನ ತಗ್ಗು ಗದ್ದೆಗಳಿಂದ) ಮತ್ತೆ ಅದೇ ದೂರು ಬರುತ್ತಿದೆ. ಸಿಗಡಿ ಮೇವು ಬಿಟ್ಟು ಒಡ್ಡಿನ ಅಂಚಿಗೆ ಬಂದು ನಿಲ್ಲುತ್ತದೆ, ಮೈ ಕೆಂಪಾಗುತ್ತದೆ. ತಲೆಯ ಚಿಪ್ಪು ಕಳಚಿ ಬೆಳಕಿಗೆ ಹಿಡಿದರೆ ಒಳಬದಿಯಲ್ಲಿ ಬಿಳಿ ಚುಕ್ಕೆಗಳು ಕಾಣುತ್ತವೆ. ಇದು ಬಿಳಿಚುಕ್ಕೆ ರೋಗ. 3ರಿಂದ 10 ದಿನಗಳಲ್ಲಿ ಇಡೀ ಹೊಂಡ ಖಾಲಿಯಾಗಬಹುದು. ವೈರಾಣು ರೋಗವಾದ್ದರಿಂದ ಇದಕ್ಕೆ ಮದ್ದಿಲ್ಲ. ಆಂಟಿಬಯೋಟಿಕ್ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಎಲ್ಲರೂ ಮಾಡುವ ತಪ್ಪು

ರೋಗ ಕಂಡ ಕೂಡಲೇ ಇಳಿತ ನೋಡಿ ಜಂತ್ರಡಿ (ಒಡ್ಡಿನ ನೀರುಬಾಗಿಲು) ತೆಗೆದು ನೀರು ಹೊಳೆಗೆ ಬಿಡುತ್ತೀರಿ. ಮುಂದಿನ ಭರತಕ್ಕೆ ಅದೇ ನೀರು ಪಕ್ಕದವರ ಗಜನಿಗೆ ಏರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವಿನ ಏಡಿಗೂ ಸೋಂಕು ತಗಲುತ್ತದೆ. ಏಡಿ ಸಾಯದೆಯೇ ವೈರಾಣು ಹೊತ್ತು ತಿರುಗಿ, ಬರುವ ವರ್ಷ ನಿಮ್ಮ ಗಜನಿಗೇ ತಂದು ಬಿಡುತ್ತದೆ. ಇದನ್ನು ಎಷ್ಟು ಸಲ ಹೇಳಬೇಕು?

ಏನು ಮಾಡಬೇಕು?

ಜಂತ್ರಡಿ ಮುಚ್ಚಿಟ್ಟೇ ಬಲೆ ಎಳೆದು ಮಾರುವಂಥ ಸಿಗಡಿ ತೆಗೆಯಿರಿ. ಸತ್ತದ್ದನ್ನು ಭರತದ ನೀರು ತಾಗದ ಕಡೆ ಸುಣ್ಣ ಹಾಕಿ ಹೂಳಿ.

ಸಣ್ಣ ಹೊಂಡವಾದರೆ ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯನ್ನು ಸಾವಿರ ಲೀಟರ್ ನೀರಿಗೆ 100 ಗ್ರಾಂನಂತೆ ಹಾಕಿ. ಒಂದು ಮೀಟರ್ ನೀರು ನಿಂತ ಒಂದು ಗುಂಟೆಗೆ 10 ಕೆ.ಜಿ., ಎಕರೆಗೆ 400 ಕೆ.ಜಿ. ಬೇಕು. ಅರ್ಧ ಮೀಟರ್ ನೀರಿದ್ದರೆ ಅರ್ಧ ಸಾಕು. ಹಳೆಯ, ಗಾಳಿ ತಾಗಿದ ಪುಡಿ ಬೇಡ. ಬಿಸಿಲು ಇಳಿದ ಮೇಲೆ, ಮೂಗು ಮುಚ್ಚಿಕೊಂಡು, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಎರಚಿ. ಮೊದಲು ಸುಣ್ಣ ಹಾಕಬೇಡಿ, ಕ್ಲೋರಿನ್ ಬಲ ಕುಂದುತ್ತದೆ. ಕನಿಷ್ಠ 5 ದಿನ ನೀರು ನಿಲ್ಲಿಸಿ, ಪರೀಕ್ಷಾ ಕಿಟ್ಟಿನಲ್ಲಿ ಕ್ಲೋರಿನ್ ಉಳಿದಿಲ್ಲವೆಂದು ನೋಡಿಯೇ ಹೊರಬಿಡಿ. ಅವಸರ ಮಾಡಿದರೆ ಕಾಂಡ್ಲಾ ಬುಡದಲ್ಲಿರುವ ಮೀನುಮರಿ, ಬಳಚು (ಚಿಪ್ಪಿಮೀನು) ಸಾಯುತ್ತವೆ.

ಹತ್ತಾರು ಎಕರೆಯ ಗಜನಿಗೆ ಬ್ಲೀಚಿಂಗ್ ಹಾಕಲಾಗದು, ಹಾಕಲೂ ಬಾರದು. ಅಲ್ಲಿ ಜಂತ್ರಡಿ ಮುಚ್ಚಿಡುವುದು, ನೆರೆಯವರಿಗೆ ಆ ದಿನವೇ ತಿಳಿಸುವುದು ಎರಡೇ ದಾರಿ.

ಮುಂದಿನ ಹಂಗಾಮಿಗೆ

ನೆಲ ಬಿರುಕು ಬಿಡುವವರೆಗೆ ಒಣಗಿಸಿ. ಮಣ್ಣಿನ ರಸಸಾರ (ಪಿಎಚ್) 6ರಿಂದ 7 ಇದ್ದರೆ ಎಕರೆಗೆ 200ರಿಂದ 400 ಕೆ.ಜಿ. ಕೃಷಿ ಸುಣ್ಣ ಹಾಕಿ. 6ಕ್ಕಿಂತ ಕಡಿಮೆಯಿದ್ದರೆ ಮೀನುಗಾರಿಕೆ ಕಚೇರಿಯಲ್ಲಿ ಪ್ರಮಾಣ ಕೇಳಿಯೇ ಹಾಕಿ. ನೀರು ತೆಗೆದುಕೊಳ್ಳುವಾಗ 60 ಮೆಶ್ ಬಲೆಯಲ್ಲಿ ಸೋಸಿ. ಪಿಸಿಆರ್ ಪರೀಕ್ಷೆಯಾದ ಮರಿ ಮಾತ್ರ ಬಿಡಿ, ಎಕರೆಗೆ 20,000 ಮೀರಬಾರದು.

ಏಡಿ ಬರುತ್ತದೆಂದು ಒಡ್ಡಿನ ಕಾಂಡ್ಲಾ ಕಡಿಯುವವರಿದ್ದಾರೆ. ಒಡ್ಡಿನ ಮಣ್ಣು ಹಿಡಿದಿರುವುದೇ ಆ ಬೇರು. ಕಡಿದವರ ಒಡ್ಡು ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ಮರಿ ಬಾಚಲೆಂದು ಜಂತ್ರಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಡಿ. ಮೊಟ್ಟೆ ಹೊತ್ತ ಏಡಿಯನ್ನು ವಾಪಸ್ ಬಿಡಿ. ಸಬ್ಸಿಡಿ ಬಲೆ, ಬಿತ್ತನೆ ಮರಿಗಳ ಯೋಜನೆ ಈ ನಷ್ಟವನ್ನು ತುಂಬಿಕೊಡುವುದಿಲ್ಲ.

ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂದರೆ ರಾಮ್ಸಾರ್ ತಾಣವೆಂದು ಘೋಷಣೆಯಾಗಿದೆ. ಆದರೆ ಹೊಳೆಯನ್ನು ಕಾಯಬೇಕಾದವರು ಜಂತ್ರಡಿಯ ಹಲಗೆ ಹಿಡಿದವರು. ಸಿಗಡಿ ಸತ್ತ ದಿನ ಆ ಹಲಗೆ ಎತ್ತಬೇಡಿ, ಮೊದಲು ಮೀನುಗಾರಿಕೆ ಕಚೇರಿಗೆ ತಿಳಿಸಿ.