ದೂರದ ಓಟ

ಓಡುವುದು ಮನುಷ್ಯನಿಗೆ ಹೊಸ ವಿದ್ಯೆಯಲ್ಲ. ನಡೆಯಲು ಕಲಿತ ಮಗು ಓಡಲು ಹವಣಿಸುತ್ತದೆ. ಬಸ್ಸು ತಪ್ಪೀತೆಂದು ಓಡುವವರುಂಟು. ಮಳೆ ಬಂತೆಂದು ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಎತ್ತಲು ಓಡುವವರುಂಟು. ಕಂಬಳದ ಕೆಸರಿನಲ್ಲಿ ಕೋಣಗಳ ಬೆನ್ನಹಿಂದೆ ಓಡುವವರುಂಟು. ಈ ಓಟಗಳಿಗೆಲ್ಲ ಒಂದೊಂದು ಕಾರಣವಿದೆ. ಆದರೆ ಯಾರೂ ಅಟ್ಟಿಸಿಕೊಂಡು ಬರದಿದ್ದರೂ, ಮುಗಿಸಬೇಕಾದ ಅವಸರದ ಕೆಲಸ ಯಾವುದೂ ಇಲ್ಲದಿದ್ದರೂ, ಬೆಳಗಿನ ಸವಿನಿದ್ದೆಯನ್ನು ತೊರೆದು ಹತ್ತಾರು ಕಿಲೋಮೀಟರು ಓಡಿ, ಹೊರಟ ಮನೆಗೇ ಮರಳಿ ಬರುವವರೂ ಇದ್ದಾರೆ. ಇವರೇ ಹವ್ಯಾಸಿ ಓಟಗಾರರು. ಓಟ ಇವರ ಜೀವನೋಪಾಯವಲ್ಲ. ಬ್ಯಾಂಕಿನ ಗುಮಾಸ್ತ, ಶಾಲೆಯ ಅಧ್ಯಾಪಕಿ, ಅಂಗಡಿಯ ವ್ಯಾಪಾರಿ, ಕಾಲೇಜಿನ ವಿದ್ಯಾರ್ಥಿ ಹೀಗೆ ನಾನಾ ಉದ್ಯೋಗದವರು ಇವರಲ್ಲಿದ್ದಾರೆ. ಊರಿನ ರಸ್ತೆ ಓಟದಲ್ಲಿ ಇವರೆಲ್ಲರೂ ಒಂದೇ ಗೆರೆಯ ಹಿಂದೆ ನಿಲ್ಲುತ್ತಾರೆ. ಬಹುಮಾನವಾದರೋ ಮೊದಲು ಬಂದ ಮೂರು ನಾಲ್ಕು ಮಂದಿಗೆ ಮಾತ್ರ. ಹಾಗಾದರೆ ಉಳಿದವರಿಗೆ ಈ ಶ್ರಮದಿಂದ ದೊರೆಯುವುದೇನು?

ಈ ಪ್ರಶ್ನೆಗೆ ಉತ್ತರವನ್ನು ಅರಿಯಲು ದೂರದ ಓಟದ ಇತಿಹಾಸವನ್ನು ಸ್ವಲ್ಪ ತಿಳಿಯಬೇಕು. ದೂರದ ಓಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮ್ಯಾರಥಾನ್. 1896ರಲ್ಲಿ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಆರಂಭವಾದಾಗ, ಗ್ರೀಸ್ ದೇಶದ ಪುರಾತನ ಕಥೆಯೊಂದರ ನೆನಪಿಗಾಗಿ ಮ್ಯಾರಥಾನ್ ಎಂಬ ಊರಿನಿಂದ ಅಥೆನ್ಸಿನವರೆಗೆ ಸುಮಾರು 40 ಕಿಲೋಮೀಟರು ದೂರದ ಓಟವನ್ನು ಏರ್ಪಡಿಸಲಾಯಿತು. ಅದರಲ್ಲಿ ಗೆದ್ದವನು ನೀರು ಸಾಗಿಸಿ ಬದುಕುತ್ತಿದ್ದ ಸ್ಪಿರಿಡಾನ್ ಲೂಯಿಸ್ ಎಂಬ ಸಾಮಾನ್ಯ ಗ್ರೀಕನು. ಮೊದಮೊದಲು ಈ ಓಟದ ದೂರ ಒಂದೊಂದು ಕಡೆ ಒಂದೊಂದು ಬಗೆಯಾಗಿತ್ತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ 42.195 ಕಿಲೋಮೀಟರು ದೂರವನ್ನೇ 1921ರಲ್ಲಿ ಶಾಶ್ವತವಾಗಿ ಗೊತ್ತುಮಾಡಲಾಯಿತು. ಇದರ ಅರ್ಧದಷ್ಟು ದೂರದ ಓಟ ಅರ್ಧ ಮ್ಯಾರಥಾನ್. ಹೊಸದಾಗಿ ಓಡುವವರು 5 ಅಥವಾ 10 ಕಿಲೋಮೀಟರಿನ ಓಟದಿಂದ ತೊಡಗುವುದು ವಾಡಿಕೆ.

ಭಾರತದಲ್ಲಿ ಈ ಓಟದ ಕಥೆ ಆರಂಭವಾಗುವುದು ಬರಿಗಾಲುಗಳಿಂದ. ಒಂದು ಶತಮಾನದ ಹಿಂದೆ ಪುಣೆಯ ಡೆಕ್ಕನ್ ಜಿಮ್‌ಖಾನಾ ಕ್ರೀಡಾಕೂಟವೊಂದನ್ನು ನಡೆಸಿತು. ಆ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉದ್ಯಮಿ ದೊರಾಬ್ಜಿ ಟಾಟಾ. ಸ್ಪರ್ಧಿಗಳಲ್ಲಿ ಬಹುಮಂದಿ ಹೊಲದಲ್ಲಿ ದುಡಿಯುವ ಯುವಕರು. ಅವರಿಗೆ ಕ್ರಮಬದ್ಧವಾದ ತರಬೇತಿಯಿರಲಿಲ್ಲ, ಪುಷ್ಟಿಕರವಾದ ಆಹಾರವಿರಲಿಲ್ಲ, ಕಾಲಿಗೆ ಬೂಟುಗಳಿರಲಿಲ್ಲ. ಆದರೂ ಅವರು ಕಲ್ಲುಹಾಸಿದ ಗಟ್ಟಿ ರಸ್ತೆಯಲ್ಲಿ ಸುಮಾರು 25 ಮೈಲಿ ಓಡಿದರು. ಮುಂದೆ ಬಂದವರು ತೆಗೆದುಕೊಂಡ ಸಮಯ ಯೂರೋಪು, ಅಮೆರಿಕಗಳ ಓಟಗಾರರ ಸಮಯಕ್ಕೆ ಹೋಲಿಸಬಹುದಾದಂಥದ್ದು ಎಂಬುದನ್ನು ಟಾಟಾ ಅವರು ಗಮನಿಸಿದರು. ಈ ಓಟಗಾರರನ್ನು ಒಲಿಂಪಿಕ್ ಕ್ರೀಡೆಗಳಿಗೆ ಏಕೆ ಕಳುಹಿಸಬಾರದು ಎಂಬ ವಿಚಾರ ಹುಟ್ಟಿತು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಭಾರತದ ಮೊದಲ ತಂಡ ಪ್ರಯಾಣ ಮಾಡಿತು.

ಆ ತಂಡದಲ್ಲಿದ್ದ ಓಟಗಾರರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಂಟ್‌ವರ್ಪಿನ ಮ್ಯಾರಥಾನ್ ಓಟ ನಡೆದುದು 1920ರ ಆಗಸ್ಟ್ 22ರಂದು. ಅದರ ದೂರ 42.75 ಕಿಲೋಮೀಟರು, ಒಲಿಂಪಿಕ್ ಮ್ಯಾರಥಾನ್‌ಗಳಲ್ಲಿ ಅದಕ್ಕಿಂತ ದೂರದ ಓಟ ಮತ್ತೊಂದಿಲ್ಲ. ದಖ್ಖನಿನ ಬಿಸಿಲಿಗೆ ಒಗ್ಗಿದ ದೇಹಕ್ಕೆ ಅಲ್ಲಿನ ತಂಪು ಹವೆ ಹೊಸದು, ರಸ್ತೆ ಹೊಸದು, ಜೊತೆಗೆ ಓಡುತ್ತಿದ್ದವರು ಜಗತ್ತಿನ ಹೆಸರಾಂತ ಓಟಗಾರರು. ಮೊದಲನೆಯವನಾಗಿ ಬಂದ ಫಿನ್ಲೆಂಡಿನ ಹನ್ನೆಸ್ ಕೊಲೆಹ್ಮೈನೆನ್ 1912ರ ಒಲಿಂಪಿಕ್ಸಿನಲ್ಲಿಯೇ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದವನು. ಅವನಿಗಿಂತ ಸುಮಾರು 18 ನಿಮಿಷ ಹಿಂದೆ, 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಚೌಗುಲೆಯವರು ಗುರಿಯನ್ನು ಮುಟ್ಟಿದರು. ಅವರಿಗೆ ದೊರೆತುದು 19ನೆಯ ಸ್ಥಾನ.

ಹತ್ತೊಂಬತ್ತನೆಯ ಸ್ಥಾನಕ್ಕೆ ಪದಕವಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಆ ಸಾಧನೆಯ ಹಿರಿಮೆ ಮನವರಿಕೆಯಾಗುತ್ತದೆ. ಚೌಗುಲೆಯವರು ಸರಾಸರಿ ಒಂದು ಕಿಲೋಮೀಟರನ್ನು ನಾಲ್ಕು ನಿಮಿಷಗಳಿಗಿಂತ ತುಸು ಕಡಮೆ ಸಮಯದಲ್ಲಿ ಓಡಿದ್ದರು. ಎಂದರೆ 400 ಮೀಟರಿನ ಮೈದಾನವನ್ನು 96 ಸೆಕೆಂಡುಗಳಲ್ಲಿ ಒಂದು ಸುತ್ತು ಬಂದು, ಅದೇ ವೇಗದಲ್ಲಿ ನಿಲ್ಲದೆ ನೂರಾಆರು ಸುತ್ತುಗಳನ್ನು ಪೂರೈಸಿದಂತೆ. ಶಾಲೆಯ ಮೈದಾನದಲ್ಲಿ ಇಂತಹ ಒಂದೇ ಒಂದು ಸುತ್ತನ್ನು ಓಡಿ ನೋಡಿದವರಿಗೆ ಉಳಿದ ನೂರೈದು ಸುತ್ತುಗಳ ಬೆಲೆ ತಿಳಿಯುತ್ತದೆ. ಆ ಕಾಲದ ಒಲಿಂಪಿಕ್ ನಿಯಮದಂತೆ ಓಟದಿಂದ ಹಣ ಗಳಿಸುವವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಆದ್ದರಿಂದ ಚೌಗುಲೆಯವರನ್ನೂ ಹವ್ಯಾಸಿ ಓಟಗಾರರ ಪಂಕ್ತಿಯಲ್ಲಿಯೇ ನೆನೆಯಬೇಕು.

ಹೆಂಗಸರಿಗೆ ಈ ದಾರಿ ಬಹುಕಾಲ ಮುಚ್ಚಿತ್ತು. ಅಷ್ಟು ದೂರವನ್ನು ಸ್ತ್ರೀಯ ಶರೀರ ತಾಳಲಾರದೆಂಬ ತಪ್ಪು ತಿಳಿವಳಿಕೆ ಅದಕ್ಕೆ ಕಾರಣ. 1897ರಿಂದ ನಡೆದುಬಂದ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡುದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಮೊದಲು ನಡೆದುದು 1984ರಲ್ಲಿ. ತಾಳಲಾರರೆಂದು ಹೇಳಿದವರಿಗೆ ಓಡಿದವರು ಉತ್ತರ ಕೊಟ್ಟರು.

ನಮ್ಮ ದೇಶದಲ್ಲಿಯೂ ರಸ್ತೆ ಓಟ ಇಂದು ಎಲ್ಲರ ಪಾಲಿಗೆ ತೆರೆದಿದೆ. 2004ರಲ್ಲಿ ಮುಂಬಯಿ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ 10 ಕಿಲೋಮೀಟರು ಓಟ ಆರಂಭವಾದ ಬಳಿಕ ಅನೇಕ ಊರುಗಳು ತಮ್ಮದೇ ಆದ ಓಟಗಳನ್ನು ಏರ್ಪಡಿಸತೊಡಗಿದವು. ಕರಾವಳಿಯ ಮಣಿಪಾಲದಲ್ಲಿಯೂ ಮ್ಯಾರಥಾನ್ ಓಟ ನಡೆಯುತ್ತದೆ. ಅಂತಹ ಓಟಕ್ಕೆ ಸಿದ್ಧನಾಗುವ ಹವ್ಯಾಸಿಯ ದಿನಚರಿ ಹೇಗಿರುತ್ತದೆ? ಮಣಿಪಾಲಕ್ಕೆ ಸಮೀಪದ ಅಂಬಲಪಾಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಅಂಬಲಪಾಡಿ ಉಡುಪಿ ನಗರಕ್ಕೆ ಹೊಂದಿಕೊಂಡ ಊರು. ಜನಾರ್ದನ, ಮಹಾಕಾಳಿಯರ ದೇವಾಲಯದಿಂದ ಪ್ರಸಿದ್ಧವಾದುದು. ರಾಷ್ಟ್ರೀಯ ಹೆದ್ದಾರಿ 66 ಈ ಊರಿನ ಮೂಲಕ ಹಾದುಹೋಗುತ್ತದೆ. ಇಲ್ಲಿಂದ ಹೊರಡುವ ಓಟಗಾರನಿಗೆ ಮೂರು ಬಗೆಯ ದಾರಿಗಳುಂಟು. ಪಶ್ಚಿಮಕ್ಕೆ ಕಿದಿಯೂರಿನ ಕಡೆಗೆ ಹೊರಟರೆ ತೆಂಗಿನ ತೋಟಗಳ ನಡುವೆ ಸಮುದ್ರದತ್ತ ಸಾಗುವ ಸಮತಟ್ಟಾದ ದಾರಿ. ಪೂರ್ವಕ್ಕೆ ಹೊರಟರೆ ಉಡುಪಿ ಪೇಟೆಯನ್ನು ದಾಟಿ, ಇಂದ್ರಾಳಿಯ ಮೂಲಕ ಮುರಕಲ್ಲಿನ ಎತ್ತರದ ಬಯಲಿನ ಮೇಲಿರುವ ಮಣಿಪಾಲಕ್ಕೆ ಏರುವ ದಾರಿ. ದಕ್ಷಿಣಕ್ಕೆ ಉದ್ಯಾವರ, ಕಟಪಾಡಿಗಳನ್ನು ಹಾದು ಕಾಪುವಿನವರೆಗೆ ಚಾಚಿದ ಹೆದ್ದಾರಿ. ಈ ಮೂರು ದಾರಿಗಳೂ ಓಟಗಾರನಿಗೆ ಮೂವರು ಗುರುಗಳಿದ್ದಂತೆ. ಸಮತಟ್ಟಾದ ದಾರಿ ಒಂದೇ ಹದದಲ್ಲಿ ಹೆಜ್ಜೆಯಿಡುವುದನ್ನು ಕಲಿಸುತ್ತದೆ. ಏರುದಾರಿ ವೇಗದ ಮೋಹವನ್ನು ಬಿಡಿಸಿ, ಉಸಿರಿಗೆ ತಕ್ಕಂತೆ ಹೆಜ್ಜೆಯನ್ನು ಕಿರಿದುಗೊಳಿಸುವುದನ್ನು ಕಲಿಸುತ್ತದೆ. ಹೆದ್ದಾರಿ ಕಲಿಸುವುದು ಎಚ್ಚರಿಕೆಯನ್ನು. ಭಾರವಾಹನಗಳು ಓಡಾಡುವ ದಾರಿಯನ್ನು ಅಭ್ಯಾಸಕ್ಕೆ ಆರಿಸದಿರುವುದೇ ಲೇಸು. ಅನಿವಾರ್ಯವಾದರೆ ಎದುರಿನಿಂದ ಬರುವ ವಾಹನಗಳು ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ, ತಿಳಿಬಣ್ಣದ ಉಡುಪು ತೊಟ್ಟು ಓಡಬೇಕು.

ಕರಾವಳಿಯ ಹವೆಯೂ ಒಂದು ಪರೀಕ್ಷೆಯೇ. ಬೆವರು ಹರಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ. ಬೆವರು ಆರಿದಾಗ ಮಾತ್ರ ತಣಿಯುತ್ತದೆ. ಸಮುದ್ರದ ಮಗ್ಗುಲಿನ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಬಯಲುಸೀಮೆಯಲ್ಲಿ ಸುಲಭವೆನಿಸುವ ವೇಗವೇ ಇಲ್ಲಿ ಏದುಸಿರು ತರುತ್ತದೆ. ಇದನ್ನರಿತ ಓಟಗಾರನು ಸೂರ್ಯೋದಯಕ್ಕೆ ಮುಂಚೆಯೇ ಹೊರಡುತ್ತಾನೆ. ಸೆಕೆಯ ದಿನಗಳಲ್ಲಿ ವೇಗವನ್ನು ತಗ್ಗಿಸುತ್ತಾನೆ. ಜೂನ್ ತಿಂಗಳಿನಿಂದ ಧೋ ಎಂದು ಸುರಿಯುವ ಮಳೆಯಲ್ಲಿ ಪಾಚಿಗಟ್ಟಿದ ಅಂಚುಗಳನ್ನು ತಪ್ಪಿಸಿ ಓಡುತ್ತಾನೆ.

ಅಭ್ಯಾಸದಲ್ಲಿ ಹೊಸಬರಿಗೆ ಎದುರಾಗುವ ದೊಡ್ಡ ಶತ್ರು ಆಲಸ್ಯವಲ್ಲ, ಆತುರ. ಇದಕ್ಕೆ ಶರೀರಶಾಸ್ತ್ರದ ಕಾರಣವಿದೆ. ಕ್ರಮವಾಗಿ ಓಡತೊಡಗಿದ ಕೆಲವೇ ವಾರಗಳಲ್ಲಿ ಹೃದಯ ಬಲಗೊಳ್ಳುತ್ತದೆ. ಒಂದೊಂದು ಮಿಡಿತದಲ್ಲಿಯೂ ಮೊದಲಿಗಿಂತ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಓಟ ಹಗುರವೆನಿಸುತ್ತದೆ. ಆದರೆ ಮೂಳೆಗಳೂ ಸ್ನಾಯುರಜ್ಜುಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಿದ್ಧವಾಯಿತೆಂದು ಕಾಲೂ ಸಿದ್ಧವಾಯಿತೆಂದು ತಿಳಿದವನು ಒಮ್ಮೆಲೇ ದೂರವನ್ನು ಹೆಚ್ಚಿಸುತ್ತಾನೆ. ಆಗ ಹಿಮ್ಮಡಿಯ ಮೇಲಿನ ರಜ್ಜು ಊದಿಕೊಳ್ಳಬಹುದು. ಕಣಕಾಲಿನ ಮೂಳೆಯಲ್ಲಿ ಕೂದಲೆಳೆಯಂತಹ ಬಿರುಕು ಮೂಡಬಹುದು. ವರ್ಷದ ಶ್ರಮ ಒಂದು ವಾರದ ಆತುರದಿಂದ ವ್ಯರ್ಥವಾಗುತ್ತದೆ. ಆದಕಾರಣ ಬಲ್ಲವರು ವಾರದ ಹೆಚ್ಚಿನ ಓಟಗಳನ್ನು ಜೊತೆಗಾರನೊಡನೆ ಮಾತನಾಡಬಹುದಾದಷ್ಟು ನಿಧಾನವಾಗಿ ಓಡುತ್ತಾರೆ. ವಾರದಲ್ಲಿ ಒಂದು ದಿನ ದೂರದ ಓಟ, ಒಂದು ದಿನ ವೇಗದ ಓಟ, ಒಂದೆರಡು ದಿನ ವಿಶ್ರಾಂತಿ. ವಿಶ್ರಾಂತಿಯೂ ಅಭ್ಯಾಸದ ಒಂದು ಭಾಗವೇ; ದಣಿದ ಸ್ನಾಯು ಬಲಗೊಳ್ಳುವುದು ಆಗಲೇ.

ಸ್ಪರ್ಧೆಯ ದಿನ ಈ ತಾಳ್ಮೆಯ ನಿಜವಾದ ಪರೀಕ್ಷೆ ನಡೆಯುತ್ತದೆ. ನೂರಾರು ಜನರ ಗುಂಪು, ಧ್ವನಿವರ್ಧಕದ ಸದ್ದು, ಪಕ್ಕದವರ ಉತ್ಸಾಹ ಇವೆಲ್ಲವೂ ಸೇರಿ ಮೊದಲ ಕಿಲೋಮೀಟರಿನಲ್ಲಿ ಕಾಲುಗಳಿಗೆ ರೆಕ್ಕೆ ಮೂಡಿಸುತ್ತವೆ. ಆಗ ತನ್ನ ವೇಗವನ್ನು ಮೀರಿದವನು ಅದರ ಬೆಲೆಯನ್ನು ಕೊನೆಯಲ್ಲಿ ತೆರಬೇಕಾಗುತ್ತದೆ. ಸ್ನಾಯುಗಳೂ ಯಕೃತ್ತೂ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟಿರುತ್ತವೆ. ಓಟಕ್ಕೆ ಅದೇ ಮುಖ್ಯವಾದ ಇಂಧನ. ವೇಗ ಹೆಚ್ಚಿದಷ್ಟೂ ಆ ಕೂಡಿಕೆ ಬೇಗ ಕರಗುತ್ತದೆ. ಮ್ಯಾರಥಾನ್ ಓಡುವ ಅನೇಕರಿಗೆ ಸುಮಾರು 30 ಕಿಲೋಮೀಟರು ದಾಟುವ ಹೊತ್ತಿಗೆ ಅದು ಬರಿದಾಗುತ್ತ ಬಂದು, ಕಾಲುಗಳು ಸೀಸದಂತೆ ಭಾರವಾಗುತ್ತವೆ. ಆರಂಭದಲ್ಲಿ ಹಿಡಿತ ಸಾಧಿಸಿದವನಾದರೋ ಕೊನೆಯ ಕಿಲೋಮೀಟರುಗಳಲ್ಲಿ, ತನ್ನನ್ನು ಹಿಂದೆ ಹಾಕಿ ಹೋದವರನ್ನು ಒಬ್ಬೊಬ್ಬರಾಗಿ ಕೂಡಿಕೊಳ್ಳುತ್ತಾನೆ. ನೀರಿನ ವಿಷಯದಲ್ಲಿಯೂ ಹಿತಮಿತ ಬೇಕು. ಬಾಯಾರಿದರೂ ಕುಡಿಯದಿರುವುದು ಅಪಾಯ. ಬೇಡವಾದರೂ ಕುಡಿಯುತ್ತಲೇ ಇರುವುದೂ ಅಪಾಯ. ಎದೆನೋವು, ತಲೆಸುತ್ತು ಕಾಣಿಸಿಕೊಂಡರೆ ಒಡನೆಯೇ ನಿಲ್ಲುವುದು ಹೇಡಿತನವಲ್ಲ, ವಿವೇಕ.

ಕೊನೆಗೆ ಗುರಿಯ ಗೆರೆ ಬರುತ್ತದೆ. ಇನ್ನೂರನೆಯವನಾಗಿ ಬಂದವನೂ ಕೈಗಡಿಯಾರವನ್ನು ನೋಡಿ ಮುಗುಳ್ನಗುತ್ತಾನೆ. ಹಿಂದಿನ ವರ್ಷಕ್ಕಿಂತ ಒಂದು ನಿಮಿಷ ಕಡಮೆಯಾಗಿರಬಹುದು. ಹಿಂದಿನ ಬಾರಿ ನಡೆದೇ ಏರಿದ ದಿಬ್ಬವನ್ನು ಈ ಬಾರಿ ಓಡಿ ಏರಿರಬಹುದು. ಆ ಒಂದು ನಿಮಿಷದ ಹಿಂದೆ ನೂರಾರು ಮುಂಜಾವುಗಳಿವೆ ಎಂಬುದು ನೋಡುವವರಿಗೆ ತಿಳಿಯದು, ಅವನಿಗೆ ತಿಳಿದಿದೆ. ಆ ನಿಮಿಷವನ್ನು ಹಣ ಕೊಟ್ಟು ಕೊಳ್ಳಲಾಗದು. ಇನ್ನೊಬ್ಬರಿಂದ ಕಡ ತರಲಾಗದು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಗಳಿಸಿದಂತೆ ಒಂದೇ ದಿನದಲ್ಲಿ ಗಳಿಸಲಾಗದು. ದಿನದಿನವೂ ಸ್ವಲ್ಪ ಸ್ವಲ್ಪವಾಗಿ ದುಡಿದವನಿಗೆ ಮಾತ್ರ ಅದು ಒಲಿಯುತ್ತದೆ.

ಮೊದಲಿಗನಾಗುವ ಭಾಗ್ಯ ಒಂದು ಓಟದಲ್ಲಿ ಒಬ್ಬನಿಗೆ ಮಾತ್ರ. ಸೋತೆನೆಂದು ಮೊದಲ ಸ್ಪರ್ಧೆಯ ಮರುದಿನವೇ ಮೈದಾನವನ್ನು ಬಿಡುವ ಹುಡುಗ ಹುಡುಗಿಯರು ಎಷ್ಟೋ ಮಂದಿ. ಅವರು ಕಳೆದುಕೊಳ್ಳುವುದು ಪದಕವನ್ನಲ್ಲ, ನಾಳೆಯ ತಮ್ಮ ಶಕ್ತಿಯನ್ನು. ನಿನ್ನೆಯ ತನಗಿಂತ ಇಂದಿನ ತಾನು ಒಂದು ಹೆಜ್ಜೆ ಮುಂದೆ ಇರುವ ಭಾಗ್ಯ ಓಡುವ ಪ್ರತಿಯೊಬ್ಬರ ಕೈಯಲ್ಲಿದೆ. ಆಂಟ್‌ವರ್ಪಿನಲ್ಲಿ ಹದಿನೆಂಟು ಮಂದಿ ಮುಂದೆ ಹೋದ ಮೇಲೂ ಚೌಗುಲೆಯವರ ಓಟ ನಿಲ್ಲಲಿಲ್ಲ. ಭಾರತದ ಓಟಗಾರರಿಗೆ ಆ ದಾರಿ ತೆರೆದುದು ಹಾಗೆ.

ಅಭ್ಯಾಸ

1. ಹವ್ಯಾಸಿ ಓಟಗಾರರೆಂದರೆ ಯಾರು?
2. ಪುಣೆಯ ಕ್ರೀಡಾಕೂಟದಲ್ಲಿ ದೊರಾಬ್ಜಿ ಟಾಟಾ ಅವರು ಗಮನಿಸಿದ ಸಂಗತಿ ಯಾವುದು?
3. ಅಂಬಲಪಾಡಿಯಿಂದ ಹೊರಡುವ ಮೂರು ದಾರಿಗಳನ್ನು ‘ಮೂವರು ಗುರುಗಳು’ ಎಂದಿರುವುದು ಏಕೆ?
4. ‘ದೊಡ್ಡ ಶತ್ರು ಆಲಸ್ಯವಲ್ಲ, ಆತುರ.’ ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿ.
5. ಹತ್ತೊಂಬತ್ತನೆಯ ಸ್ಥಾನ ಪಡೆದ ಚೌಗುಲೆಯವರ ಓಟವನ್ನು ಸಾಧನೆಯೆಂದು ಏಕೆ ಭಾವಿಸಬೇಕು? ನಿಮ್ಮ ಮಾತಿನಲ್ಲಿ ಬರೆಯಿರಿ.