ಬಿರುಕು ಮುಚ್ಚಿದೆ, ನಾದ ಹೋಯ್ತು

ಮೇಲೂರಿನ ನಮ್ಮ ಬೀದಿಯ ಭಜನೆ ಮನೆಯಲ್ಲಿ ಒಂದು ಹಳೇ ಮೃದಂಗ ಇದೆ. ಕಳೆದ ರಜೆಯಲ್ಲಿ ನೋಡಿದಾಗ ಅದರ ಬಲಮುಖದ ಕಪ್ಪು ಕರಣೆಯ ತುಂಬಾ ಸಣ್ಣ ಸಣ್ಣ ಬಿರುಕು. ಎಂಜಿನಿಯರಿಂಗ್ ಓದೋನು ನಾನಿದ್ದೀನಲ್ಲ ಅಂತ ಎಲ್ಲಾ ಬಿರುಕಿಗೂ ಅಂಟು ತುಂಬಿ ಒಣಗಿಸಿಬಿಟ್ಟೆ. ಸಂಜೆ ತಾತ ಬೆರಳು ಹಾಕಿದರೆ ಹಲಗೆ ಬಡಿದ ಹಾಗೆ ‘ಟಕ್’ ಅಂತು. “ಏನೋ ಮಾಡ್ದೆ ಇದಕ್ಕೆ?” ಅಂದರು. ಆಗ ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಇದೆ.

ಮೊದಲು ತಮಟೆಯಿಂದ ಶುರು ಮಾಡೋಣ. ನಮ್ಮ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಅದು. ಬೆಂಕಿಗೆ ಹಿಡಿದು ಬಿಗಿ ಮಾಡಿದ ಚರ್ಮ, ಮೇಲೆ ಯಾವ ಲೇಪವೂ ಇಲ್ಲ. ಇಂಥ ವೃತ್ತಾಕಾರದ ಸಮ ಪೊರೆ ಹಲವು ರೀತಿಯಲ್ಲಿ ಒಟ್ಟಿಗೇ ಕಂಪಿಸುತ್ತದೆ. ಮೂಲ ಕಂಪನವನ್ನು 1 ಅಂತ ಇಟ್ಟುಕೊಂಡರೆ, ವ್ಯಾಸದುದ್ದಕ್ಕೆ 1, 2, 3, 4 ನಿಶ್ಚಲ ಗೆರೆಗಳಿರುವ ಕಂಪನಗಳು ಸುಮಾರು 1.59, 2.14, 2.65, 3.16 ಪಟ್ಟು. ಪೂರ್ಣಾಂಕ ಒಂದೂ ಇಲ್ಲ. ಆದ್ದರಿಂದಲೇ ತಮಟೆಯಲ್ಲಿ ಅಬ್ಬರ ಇದೆ, ಇದೇ ಶ್ರುತಿ ಅಂತ ಹಿಡಿಯೋಕೆ ಆಗಲ್ಲ.

ಮೃದಂಗದಲ್ಲಿ ಶ್ರುತಿ ಸಿಗುತ್ತದೆ. ಯಾಕೆ ಅಂತ ಹುಡುಕಿದವರು ಸಿ.ವಿ. ರಾಮನ್. 1920ರಲ್ಲಿ ಎಸ್. ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ವಿವರವಾದ ಪ್ರಬಂಧ ಪ್ರಕಟಿಸಿದರು. ಚರ್ಮದ ಮೇಲೆ ಮರಳು ಉದುರಿಸಿ, ಬಾರಿಸಿ, ಮರಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ನಿಶ್ಚಲ ಗೆರೆಗಳನ್ನು ಗುರುತಿಸಿದರು. ಒಂಬತ್ತು ಬಗೆಯ ಕಂಪನಗಳು ಸೇರಿ ಐದೇ ಸ್ವರ ಕೊಡುತ್ತವೆ: 1, 2, 3, 4, 5!

ಇದಕ್ಕೆ ಕಾರಣ ನಡುವಿನ ತೂಕ. ಒಂದು ಒರಟು ಲೆಕ್ಕ ಹಾಕೋಣ. 3.16ರ ಕಂಪನದಲ್ಲಿ ಚರ್ಮದ ನಡುಭಾಗ ಅಲುಗಾಡುವುದೇ ಇಲ್ಲ ಅನ್ನಬಹುದು. ಹಾಗಾಗಿ ಕರಣೆ ಅದನ್ನು ಬದಲಿಸಲಿಲ್ಲ ಅಂತ ಇಟ್ಟುಕೊಂಡು, ಅದೇ ಐದನೇ ಸ್ವರ ಎನ್ನೋಣ. ಆಗ ಮೂಲ ಸ್ವರ 3.16 ÷ 5, ಅಂದರೆ 0.63 ಆಗಬೇಕು. 1ರಿಂದ 0.63ಕ್ಕೆ ಇಳಿಯೋದು ಅಂದರೆ ಶೇ. 37 ಇಳಿಕೆ. ಹಾಗೇ ಮುಂದಿನವು ಸುಮಾರು ಶೇ. 21, 11, 5 ಇಳಿಯಬೇಕು. ನಡುಭಾಗ ಎಷ್ಟು ಹೆಚ್ಚು ಅಲುಗುತ್ತದೋ ಅಷ್ಟು ಹೆಚ್ಚು ಇಳಿಕೆ. ನಡುವೆ ದಪ್ಪ, ಅಂಚಿಗೆ ತೆಳು ಆಗಿರುವ ಕರಣೆ ಮಾಡುವ ಕೆಲಸವೇ ಅದು. ಆವರ್ತನ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮ ಅಲ್ವಾ? ಹಾಗಾದರೆ ಮೂಲ ಕಂಪನದ ಪರಿಣಾಮಕಾರಿ ದ್ರವ್ಯರಾಶಿ ಸುಮಾರು ಎರಡೂವರೆ ಪಟ್ಟು ಆಗಬೇಕು.

ಈಗ ನನ್ನ ತಪ್ಪಿಗೆ ಬರೋಣ. ಕರಣೆ ಅಂದರೆ ಅನ್ನ ಮತ್ತು ಕಬ್ಬಿಣದಂಶದ ಕಲ್ಲಿನ ಪುಡಿಯನ್ನು ಅರೆದು, ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ ಮಾಡಿದ್ದು. ಉಜ್ಜುವಾಗ ಬರುವ ಬಿರುಕುಗಳು ಅದನ್ನು ನೂರಾರು ಬಿಡಿ ತುಣುಕು ಮಾಡುತ್ತವೆ. ತೂಕ ಸೇರುತ್ತದೆ, ಆದರೆ ಚರ್ಮ ಬಾಗೋದು ನಿಲ್ಲಲ್ಲ. ನಾನು ಅಂಟು ತುಂಬಿ ಎಲ್ಲವನ್ನೂ ಒಂದೇ ಬಿಲ್ಲೆ ಮಾಡಿದೆ. ತೂಕಕ್ಕಿಂತ ಬಿಗುಪು ಹೆಚ್ಚಾಯ್ತು, ಲೆಕ್ಕವೆಲ್ಲ ಕೆಟ್ಟಿತು. ಎಡಮುಖಕ್ಕೆ ಕಛೇರಿಗೆ ಮುಂಚೆ ಹಚ್ಚುವ ಕಲಸಿದ ರವೆ ಕೂಡ ಮೆತ್ತಗೇ ಇರುತ್ತದೆ, ಗಮನಿಸಿ. ಮುಗಿದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ.

ಟ್ರಂಪೆಟ್ ನುಡಿಸುವ ಕೆಲವರು ವಾಲ್ವ್‌ಗಳ ಕೆಳಗಿನ ಮುಚ್ಚಳ ತೆಗೆದು ಭಾರದ ಮುಚ್ಚಳ ಹಾಕುತ್ತಾರೆ. ನಾದ ಗಾಢವಾಗುತ್ತದೆ, ಸ್ವರ ಗಟ್ಟಿಯಾಗಿ ನಿಲ್ಲುತ್ತದೆ ಅಂತಾರೆ. ಆದರೆ ಅಲ್ಲಿ ಶ್ರುತಿ ನಿರ್ಧರಿಸೋದು ಒಳಗಿನ ಗಾಳಿ ಮತ್ತು ತುಟಿ. ಹಿತ್ತಾಳೆಯ ಕಂಪನ ಬಹಳ ಚಿಕ್ಕದು, ಹಾಗಾಗಿ ತೂಕದ ಪ್ರಭಾವವೂ ಚಿಕ್ಕದು. ಮೃದಂಗದಲ್ಲಿ ಹಾಡುವುದೇ ಚರ್ಮ. ಎಲ್ಲಿ ತೂಕ ಇಡ್ತೀವಿ ಅನ್ನೋದೇ ಮುಖ್ಯ.

ನೀವೇ ಮಾಡಿ ನೋಡಿ: ಡಬ್ಬದ ಬಾಯಿಗೆ ಬಲೂನು ಬಿಗಿದು ಕಟ್ಟಿ. ಚಪಾತಿ ಹಿಟ್ಟಿನ ಪುಟ್ಟ ಬಿಲ್ಲೆಯನ್ನು ಮೊದಲು ನಡುವೆ, ಆಮೇಲೆ ಅಂಚಿನಲ್ಲಿ ಅಂಟಿಸಿ, ತಟ್ಟಿ ಕೇಳಿ.

ನಮ್ಮ ಮೃದಂಗಕ್ಕೆ ಹಳೇ ಕರಣೆ ಕೆರೆಸಿ ಹೊಸದು ಹಾಕಿಸಬೇಕಾಯ್ತು. ದುಡ್ಡು ನನ್ನ ಪಾಕೆಟ್ ಮನಿಯದ್ದು. ಹೊಸ ಕರಣೆಯಲ್ಲೂ ಬಿರುಕುಗಳಿವೆ. ತಾತ ಅದನ್ನು ತೋರಿಸಿ, “ಮುಟ್ಟಬೇಡಪ್ಪಾ” ಅಂತ ನಕ್ಕರು.