ಕಾಯಿಲೆಯ ರಾತ್ರಿಗಳು ಮತ್ತು ಕನಸುಗಳು

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುವವರ ನಡುವೆ ಸ್ವಲ್ಪ ಹೊತ್ತು ಕುಳಿತರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆಗಳ ಮಾತೇ ಕಿವಿಗೆ ಬೀಳುತ್ತದೆ. ಊಟ, ಮಾತ್ರೆ, ಕಾಲುನೋವು ಎಲ್ಲವನ್ನೂ ವೈದ್ಯರ ಮುಂದೆ ಹೇಳಿಕೊಳ್ಳುವ ರೋಗಿಗಳು ಒಂದು ವಿಷಯವನ್ನು ಮಾತ್ರ ಹೆಚ್ಚಾಗಿ ಹೇಳುವುದಿಲ್ಲ. ಅದು ರಾತ್ರಿ ಕಂಡ ಕನಸು. ಅದನ್ನು ಅವರು ಮನೆಯವರ ಮುಂದೆ ಹೇಳುತ್ತಾರೆ, ನೆರೆಯವರ ಮುಂದೆ ಹೇಳುತ್ತಾರೆ, ಇಲ್ಲವೇ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಾರೆ.

ವಿಜಯನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹಲವು ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ತಾಯಿಗೆ ಒಂದು ರಾತ್ರಿ ತೀರಿಹೋದ ಪತಿ ಬಾಗಿಲಲ್ಲಿ ನಿಂತು "ನಡಿ, ಹೋಗೋಣ" ಎಂದು ಕರೆದಂತೆ ಕನಸು ಬೀಳುತ್ತದೆ. ಬೆಚ್ಚಿ ಎದ್ದಾಗ ಸೀರೆಯೆಲ್ಲ ಬೆವರಿನಿಂದ ಒದ್ದೆ, ಎದೆ ಡವಡವ. ಬೆಳಗ್ಗೆ ಕನಸು ಕೇಳಿದ ನೆರೆಮನೆಯಾಕೆ, "ಸತ್ತವರು ಕರೆದರೆ ದಿನ ಹತ್ತಿರ ಬಂತು ಅಂತ ಅರ್ಥ" ಎಂದುಬಿಡುತ್ತಾಳೆ. ಮಗಳು ಅಳುತ್ತಾಳೆ. "ಇನ್ನು ಈ ಸೂಜಿ ಯಾಕಮ್ಮಾ?" ಎಂದು ತಾಯಿ ಇನ್ಸುಲಿನ್ ಬದಿಗಿಡುತ್ತಾರೆ. ಇಂತಹ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಇಲ್ಲವೆಂದು ಹೇಳುವ ಧೈರ್ಯ ನಮಗಿದೆಯೇ? ಆ ತಾಯಿಗೆ ಹಾನಿ ಮಾಡಿದ್ದು ಕನಸೇ ಅಥವಾ ಕನಸಿಗೆ ಹಚ್ಚಿದ ಅರ್ಥವೇ?

ಕನಸುಗಳು ಮೂರು ವಿಧ

ಈ ವಿಷಯದಲ್ಲಿ ಇಸ್ಲಾಮ್ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಕನಸುಗಳು ಮೂರು ವಿಧವೆಂದು ಪ್ರವಾದಿ(ಸ)ರು ಕಲಿಸಿರುವುದನ್ನು ಹ. ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಒಂದು, ಅಲ್ಲಾಹನ ಕಡೆಯಿಂದ ಬರುವ ಶುಭವಾರ್ತೆ. ಎರಡು, ಮನುಷ್ಯನನ್ನು ದುಃಖಕ್ಕೀಡು ಮಾಡಲು ಶೈತಾನನು ತೋರಿಸುವುದು. ಮೂರು, ಮನುಷ್ಯ ತನ್ನ ಮನಸ್ಸಿನೊಂದಿಗೇ ಆಡಿಕೊಂಡ ಮಾತು.

ಈ ಮೂರನೆಯ ವಿಧವನ್ನು ನಾವು ಮರೆತೇಬಿಟ್ಟಿದ್ದೇವೆ. ಕಂಡದ್ದೆಲ್ಲ ಒಂದೋ ಮೇಲಿನಿಂದ ಬಂದ ಸೂಚನೆ, ಇಲ್ಲವೇ ಜಿನ್ನ್‌ಗಳ ಕಾಟ ಎಂದು ತೀರ್ಮಾನಿಸುತ್ತೇವೆ. ಆದರೆ ಕಾಯಿಲೆಯವರ ಮನಸ್ಸು ಹಗಲಿಡೀ ಏನನ್ನು ಯೋಚಿಸುತ್ತದೆ? ಮರಣವನ್ನು, ಅಗಲಿದವರನ್ನು, ಮಕ್ಕಳ ಗತಿಯನ್ನು. ರಾತ್ರಿ ಅದೇ ರೂಪ ತಳೆದು ಬಂದರೆ ಆಶ್ಚರ್ಯವೇನಿದೆ?

ದೇಹವೂ ಕನಸು ಕಟ್ಟುತ್ತದೆ

ನಿದ್ರೆಯಲ್ಲಿ ಸುಮಾರು 90 ನಿಮಿಷಗಳಿಗೊಮ್ಮೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುವ ಒಂದು ಘಟ್ಟ ಬರುತ್ತದೆ. 1953ರಲ್ಲಿ ಅಮೆರಿಕದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಸ್ಪಷ್ಟವಾದ, ಕಥೆಯಂತಹ ಕನಸುಗಳು ಹೆಚ್ಚಾಗಿ ಈ ಘಟ್ಟದಲ್ಲಿ ಬೀಳುತ್ತವೆ. ಇರುಳು ಕಳೆದಂತೆ ಈ ಘಟ್ಟ ದೀರ್ಘವಾಗುತ್ತ ಹೋಗುತ್ತದೆ. ಆರೋಗ್ಯವಂತನೂ ಕನಸು ಕಾಣುತ್ತಾನೆ, ಆದರೆ ನಿದ್ರೆ ಮುಂದುವರಿಯುವುದರಿಂದ ಮರೆಯುತ್ತಾನೆ. ನೋವು, ಕೆಮ್ಮು, ಮೂತ್ರಕ್ಕೆ ಏಳುವುದು ಮುಂತಾದ ಕಾರಣಗಳಿಂದ ರೋಗಿಗೆ ಪದೇ ಪದೇ ಎಚ್ಚರವಾಗುತ್ತದೆ. ಕನಸಿನ ನಡುವೆ ಎಚ್ಚರವಾದವನಿಗೆ ಆ ಕನಸು ನೆನಪಿನಲ್ಲಿ ಉಳಿಯುತ್ತದೆ.

ಔಷಧಿಗಳೂ ಕಾರಣವಾಗಬಲ್ಲವು. ರಕ್ತದೊತ್ತಡಕ್ಕೆ, ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್‌ನಂತಹ ಮಾತ್ರೆಗಳು ಕೆಲವರಲ್ಲಿ ವಿಚಿತ್ರ ಕನಸುಗಳನ್ನು ತರುತ್ತವೆ. ಉಬ್ಬಸಕ್ಕೆ ಕೊಡುವ ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ, ಮಕ್ಕಳಿಗೂ ಸಹ, ಕೆಟ್ಟ ಕನಸು ಬೀಳುವುದುಂಟು. ಈ ಮಾತ್ರೆಯಿಂದ ಮನಸ್ಸಿನ ಮೇಲಾಗುವ ಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಅತಿ ಗಂಭೀರ ಎಚ್ಚರಿಕೆಯನ್ನು ಸೇರಿಸಿತು. ನಿದ್ರೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೂ ಕನಸುಗಳು ಉಕ್ಕಿ ಬರುತ್ತವೆ.

ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ರಾತ್ರಿ ರಕ್ತದ ಸಕ್ಕರೆ ತೀರಾ ಇಳಿದರೆ ಭಯಾನಕ ಕನಸು, ಬೆವರು, ಎದೆಬಡಿತ, ಬೆಳಗ್ಗೆ ತಲೆನೋವು ಕಾಣಿಸಿಕೊಳ್ಳುತ್ತವೆ. ಆ ತಾಯಿಯ ಒದ್ದೆ ಸೀರೆಯನ್ನು ನೆನಪಿಸಿಕೊಳ್ಳಿ. ಮನೆಯವರೆಲ್ಲ ಬಾಗಿಲಲ್ಲಿ ನಿಂತವನ ಅರ್ಥ ಹುಡುಕಿದರು, ಬೆವರಿನ ಅರ್ಥವನ್ನು ಯಾರೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಸಕ್ಕರೆ ಪರೀಕ್ಷಿಸಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ ಪ್ರಮಾಣವನ್ನು ಬದಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.

ಇನ್ನು ಕೆಲವು ಹಿರಿಯರು ನಿದ್ರೆಯಲ್ಲಿ ಕಿರುಚುತ್ತಾರೆ, ಕನಸಿನಲ್ಲಿ ಕಂಡವನನ್ನು ಹೊಡೆಯಲು ಹೋಗಿ ಪಕ್ಕದಲ್ಲಿ ಮಲಗಿದವರಿಗೆ ಒದೆಯುತ್ತಾರೆ. ಇದನ್ನು ಜಿನ್ನ್ ಎಂದು ತಿಳಿದು ತಾಯಿತಕ್ಕಾಗಿ ಅಲೆಯುವವರಿದ್ದಾರೆ. ಇದು ನರಗಳಿಗೆ ಸಂಬಂಧಿಸಿದ ಒಂದು ನಿದ್ರಾ ತೊಂದರೆಯಾಗಿರಬಹುದು. ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಬಹಳ ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಇದಕ್ಕೆ ಪರೀಕ್ಷೆಯೂ ಚಿಕಿತ್ಸೆಯೂ ಇದೆ.

ಭಯಗೊಂಡವರಿಗೆ ಪ್ರವಾದಿ(ಸ)ರ ಔಷಧಿ

ಕೆಟ್ಟ ಕನಸಿನಿಂದ ಕಂಗಾಲಾಗುವುದು ವಿಶ್ವಾಸದ ಕೊರತೆಯೆಂದು ಯಾರೂ ಭಾವಿಸಬಾರದು. ತಾಬಿಈ ವಿದ್ವಾಂಸರಾದ ಅಬೂ ಸಲಮಾರು, ಕನಸುಗಳಿಂದ ತಾನು ಕಾಯಿಲೆ ಬೀಳುತ್ತಿದ್ದೆನೆಂದು ಹೇಳಿಕೊಂಡಿದ್ದಾರೆ. ಸಹಾಬಿಗಳಾದ ಹ. ಅಬೂ ಕತಾದಾ(ರ) ಅವರೂ ತನಗೆ ಹಾಗೆಯೇ ಆಗುತ್ತಿತ್ತೆಂದೂ ಪ್ರವಾದಿ(ಸ)ರ ಮಾತು ಕೇಳಿದ ಮೇಲೆ ನೆಮ್ಮದಿಯಾಯಿತೆಂದೂ ಅವರಿಗೆ ತಿಳಿಸಿದರು. ಆ ಮಾತಿನ ಸಾರವಿಷ್ಟು: ಒಳ್ಳೆಯ ಕನಸು ಕಂಡರೆ ಪ್ರೀತಿಪಾತ್ರರಿಗೆ ಮಾತ್ರ ಹೇಳಬೇಕು. ಕೆಟ್ಟ ಕನಸು ಕಂಡರೆ ಅದರ ಕೇಡಿನಿಂದಲೂ ಶೈತಾನನಿಂದಲೂ ಅಲ್ಲಾಹನ ಅಭಯ ಯಾಚಿಸಿ, ಎಡಕ್ಕೆ ಮೂರು ಬಾರಿ ಲಘುವಾಗಿ ಉಗುಳಬೇಕು, ಯಾರಿಗೂ ಹೇಳಬಾರದು. ಹಾಗೆ ಮಾಡಿದವನಿಗೆ ಆ ಕನಸಿನಿಂದ ಯಾವ ಹಾನಿಯೂ ಇಲ್ಲ. ಮಗ್ಗುಲು ಬದಲಿಸುವುದನ್ನೂ ಎದ್ದು ನಮಾಝ್ ಮಾಡುವುದನ್ನೂ ಇತರ ಹದೀಸ್‌ಗಳಲ್ಲಿ ಕಲಿಸಲಾಗಿದೆ. ಎದ್ದು ನಿಲ್ಲಲಾಗದ ರೋಗಿ ಕುಳಿತು, ಅದೂ ಆಗದಿದ್ದರೆ ಮಲಗಿಯೇ ನಮಾಝ್ ಮಾಡಬಹುದು.

ತನ್ನ ತಲೆ ಕಡಿದು ಬಿದ್ದಂತೆ, ಅದರ ಹಿಂದೆ ತಾನು ಓಡಿದಂತೆ ಕನಸು ಕಂಡೆನೆಂದು ಒಬ್ಬ ವ್ಯಕ್ತಿ ಪ್ರವಾದಿ(ಸ)ರ ಬಳಿ ಬಂದು ಹೇಳಿದ. ಪ್ರವಾದಿ(ಸ)ರು ಅದಕ್ಕೆ ಅರ್ಥ ಹೇಳಲಿಲ್ಲ, ಮರಣದ ಮುನ್ಸೂಚನೆ ಎನ್ನಲಿಲ್ಲ. ನಕ್ಕುಬಿಟ್ಟರು. ಶೈತಾನನು ನಿದ್ರೆಯಲ್ಲಿ ಆಡುವ ಆಟವನ್ನು ಜನರಿಗೆ ಹೇಳುತ್ತ ಹೋಗಬೇಡವೆಂದು ತಿಳಿಸಿದರು. ತಲೆಯೇ ಹೋದ ಕನಸಿಗೆ ಇದು ಉತ್ತರವಾದರೆ, ನಮ್ಮ ಮನೆಯ ರೋಗಿಯನ್ನು ಹೆದರಿಸುವ ಹಕ್ಕು ನಮಗೆಲ್ಲಿಂದ ಬಂತು?

ವೈದ್ಯರಿಗೆ ಹೇಳಬಹುದೇ?

ಯಾರಿಗೂ ಹೇಳಬಾರದೆಂದ ಮೇಲೆ ವೈದ್ಯರಿಗೆ ಹೇಳಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಹದೀಸ್ ತಡೆಯುವುದು ಕನಸನ್ನು ಊರೆಲ್ಲ ಹರಡಿ, ಅರ್ಥ ಹಚ್ಚಿಸಿಕೊಂಡು, ಭಯವನ್ನು ಬೆಳೆಸಿಕೊಳ್ಳುವುದನ್ನು. ವೈದ್ಯರ ಬಳಿ ನಾವು ಅರ್ಥ ಕೇಳಲು ಹೋಗುವುದಿಲ್ಲ. ಕನಸಿನ ಕಥೆಯನ್ನು ಬಿಚ್ಚಿಡುವ ಅಗತ್ಯವೂ ಇಲ್ಲ. "ಈ ಮಾತ್ರೆ ಶುರುವಾದ ಮೇಲೆ ರಾತ್ರಿ ಕೆಟ್ಟ ಕನಸಿನಿಂದ ಎಚ್ಚರವಾಗುತ್ತದೆ, ಮೈ ಬೆವರುತ್ತದೆ, ವಾರಕ್ಕೆ ಇಷ್ಟು ಸಲ" ಎಂದರೆ ಸಾಕು. ಜ್ವರವಿದೆ ಎಂದು ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅಲ್ಲಾಹನು ಮದ್ದಿಲ್ಲದ ಕಾಯಿಲೆಯನ್ನು ಇಳಿಸಿಲ್ಲವೆಂದು ಕಲಿಸಿದವರೂ ಅದೇ ಪ್ರವಾದಿ(ಸ)ರೇ ಅಲ್ಲವೇ? ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿದಿದ್ದರೆ ಅದನ್ನು ಮುಚ್ಚಿಡಬಾರದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಕನ್ನಡದಲ್ಲೇ ಮಾತನಾಡಬಹುದು.

ಕನಸು ಆಜ್ಞೆಯಲ್ಲ

"ಹ. ಇಬ್ರಾಹೀಮ್(ಅ) ಕನಸಿನ ಪ್ರಕಾರ ನಡೆಯಲಿಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರವಾದಿಗಳ ಕನಸು ದಿವ್ಯವಾಣಿಯಾಗಿತ್ತು. ಅಂತಿಮ ಪ್ರವಾದಿ(ಸ)ರೊಂದಿಗೆ ದಿವ್ಯವಾಣಿ ಮುಗಿಯಿತು. ನಮ್ಮ ಒಳ್ಳೆಯ ಕನಸುಗಳು ಶುಭವಾರ್ತೆಗಳಾಗಬಹುದೇ ಹೊರತು, ಅವುಗಳಿಂದ ಶರೀಅತ್‌ನ ಯಾವ ವಿಧಿಯೂ ಬದಲಾಗದು. ಉಪವಾಸ ಮಾಡದಿರಲು ರೋಗಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಪ್ರಾಣಕ್ಕೆ ಅಪಾಯವಿರುವ ರೋಗಿಯು ಕನಸಿನಲ್ಲಿ ಯಾರೋ ಹೇಳಿದರೆಂದು ಉಪವಾಸ ಹಿಡಿಯುವುದು ಭಕ್ತಿಯಲ್ಲ.

ಯೂಸುಫ್ ಅಧ್ಯಾಯವನ್ನು ಓದಿ ನೋಡಿ. ರಾಜ ಕಂಡ ಕನಸು ನಿಜವಾದ ಕನಸಾಗಿತ್ತು. ಹ. ಯೂಸುಫ್(ಅ) ಅದರ ಅರ್ಥ ಹೇಳಿದಾಗ ಜನರು ಹೊಲ ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳಲಿ ಎನ್ನಲಿಲ್ಲ. ಏಳು ವರ್ಷ ದುಡಿದು, ಬೆಳೆದುದನ್ನು ತೆನೆಯಲ್ಲೇ ಕಾಪಿಡಲು ಹೇಳಿದರು. ನಿಜವಾದ ಕನಸು ಸಹ ಜನರನ್ನು ಪ್ರಯತ್ನದ ಕಡೆಗೇ ನಡೆಸಿತು. ಹಾಗಿರುವಾಗ ಇನ್ಸುಲಿನ್ ಬಿಡು, ಡಯಾಲಿಸಿಸ್‌ಗೆ ಹೋಗಬೇಡ ಎನ್ನುವ ಕನಸನ್ನು ಅಲ್ಲಾಹನ ಸೂಚನೆಯೆಂದು ನಂಬುವುದು ಹೇಗೆ?

ಮನೆಯವರ ಹೊಣೆ

ಮನೆಯ ರೋಗಿ ಬೆಚ್ಚಿ ಎದ್ದರೆ ಏನು ಕಂಡಿರೆಂದು ಕೆದಕಬೇಡಿ. ದೀಪ ಹಚ್ಚಿ, ನೀರು ಕೊಡಿ, ಬೆವರಿದೆಯೇ ನೋಡಿ, ಕೈ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ಅಗಲಿದವರು ಕನಸಿನಲ್ಲಿ ಬಂದಿದ್ದರೆ ಅವರಿಗಾಗಿ ದುಆ ಮಾಡಿ. ಪ್ರವಾದಿ(ಸ)ರು ತಮ್ಮ ಕಾಯಿಲೆಯಲ್ಲಿ ಅಭಯ ಯಾಚನೆಯ ಸೂರಃಗಳನ್ನು ಓದಿ ಮೈಮೇಲೆ ಊದಿಕೊಳ್ಳುತ್ತಿದ್ದರು. ಕಾಯಿಲೆ ಉಲ್ಬಣಿಸಿದಾಗ ಹ. ಆಯಿಶಾ(ರ) ಅವರು ತಾವೇ ಓದಿ, ಪ್ರವಾದಿ(ಸ)ರ ಕೈಯಿಂದಲೇ ಅವರ ಮೈ ಸವರುತ್ತಿದ್ದರು. ನಿಮ್ಮ ತಾಯಿಗೆ, ತಂದೆಗೆ, ಪತಿಗೆ, ಪತ್ನಿಗೆ ಹಾಗೆ ಓದಿ ಊದಲು ಯಾವ ಆಮಿಲರ ಅಗತ್ಯವೂ ಇಲ್ಲ, ಒಂದು ಕಾಸಿನ ಖರ್ಚೂ ಇಲ್ಲ.

ಮುಸ್ಲಿಮನಿಗೆ ತಗಲುವ ದಣಿವು, ಕಾಯಿಲೆ, ಚಿಂತೆ, ದುಃಖ, ಕಡೆಗೆ ಚುಚ್ಚುವ ಮುಳ್ಳಿನಿಂದಲೂ ಅಲ್ಲಾಹನು ಅವನ ಪಾಪಗಳನ್ನು ಅಳಿಸುತ್ತಾನೆಂಬುದು ಪ್ರವಾದಿ(ಸ)ರ ಬೋಧನೆ. ರಾತ್ರಿ ಬೆಚ್ಚಿ ಎದ್ದ ರೋಗಿಯ ಆ ಕಳವಳವೂ ವ್ಯರ್ಥವಲ್ಲ. ಮರಣದ ವೇಳೆಯನ್ನು ಅಲ್ಲಾಹನೊಬ್ಬನೇ ಬಲ್ಲನು. ಅದನ್ನು ಅವನು ನೆರೆಮನೆಯವರ ನಾಲಗೆಗೆ ಒಪ್ಪಿಸಿಲ್ಲ. ಆದ್ದರಿಂದ ಅಭಯ ಯಾಚಿಸಿ ಮಗ್ಗುಲು ಬದಲಿಸಿ ಮಲಗಿ. ಬೆಳಗಾದ ಮೇಲೆ ಬಿಸ್ಮಿಲ್ಲಾಹ್ ಎಂದು ನಿಮ್ಮ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಅಲ್ಲಾಹನು ನಮ್ಮ ಎಲ್ಲ ರೋಗಿಗಳಿಗೆ ಶಿಫಾ ಮತ್ತು ನೆಮ್ಮದಿಯ ನಿದ್ರೆಯನ್ನು ಕರುಣಿಸಲಿ. ಆಮೀನ್.